ಮಗಳ ಫಿಟ್ಸ್‌ಗೆ ಮೂರನೇ ಮದ್ದು ಸೇರಿಸುವುದಾ, ಕೀಟೋ ಊಟ ಶುರು ಮಾಡುವುದಾ?

ಪೆರ್ಲದ ಅಮ್ಮ:

ನಮ್ಮದು ಕಾಸರಗೋಡು ಜಿಲ್ಲೆ, ಪೆರ್ಲದಿಂದ ಸ್ವಲ್ಪ ಒಳಗೆ. ಮಗಳಿಗೆ 6 ವರ್ಷ, ಒಂದನೇ ಕ್ಲಾಸು. ನಾಲ್ಕು ದಾಟುವಾಗ ಮೊದಲ ಸಲ ಫಿಟ್ಸ್ ಬಂತು. ಜ್ವರ ಏನೂ ಇರಲಿಲ್ಲ. ಈಗ ಎರಡು ಥರ ಬರುತ್ತದೆ. ಕೈಕಾಲು ಸೆಟೆದು ನಡುಗುವುದು ಅಪರೂಪ. ಜಾಸ್ತಿ ಬರುವುದು ಇನ್ನೊಂದು. ಮೈ ಒಮ್ಮೆ ಜಗ್ಗಿದ ಹಾಗೆ ಆಗಿ ನಿಂತಲ್ಲೇ ಕುಸಿದು ಬೀಳುತ್ತಾಳೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಎದ್ದೂ ಬಿಡುತ್ತಾಳೆ. ಆದರೆ ಬೀಳುವಾಗ ಕೈ ಊರುವುದಿಲ್ಲ, ಮುಖವೇ ನೆಲಕ್ಕೆ ಬಡಿಯುತ್ತದೆ. ಹುಬ್ಬಿನ ಮೇಲೆ ಹೊಲಿಗೆ ಬಿದ್ದಿದೆ, ಮುಂದಿನ ಹಲ್ಲು ಮುರಿದಿದೆ. ಬೆಳಗ್ಗೆ ಎದ್ದ ಮೇಲಿನ ಒಂದೆರಡು ಗಂಟೆ ಇದು ಜೋರು. ಆ ಹೊತ್ತಿನಲ್ಲಿ ಅವಳನ್ನು ಅಂಗಳಕ್ಕೆ ಇಳಿಸುವುದೇ ಇಲ್ಲ.

ಮಂಗಳೂರಿನಲ್ಲಿ ತೋರಿಸುತ್ತಿದ್ದೇವೆ. ಮೊದಲು ವಾಲ್ಪ್ರೊಯೇಟ್ ಸಿರಪ್ ಕೊಟ್ಟರು. ದೊಡ್ಡ ಫಿಟ್ಸ್ ಕಡಿಮೆಯಾಯಿತು, ಬೀಳುವುದು ನಿಲ್ಲಲಿಲ್ಲ. ಆಮೇಲೆ ಲೆವೆಟಿರಾಸೆಟಮ್ ಸೇರಿಸಿದರು. ಬೀಳುವುದು ಸ್ವಲ್ಪ ತಗ್ಗಿತು, ಆದರೆ ಮಗಳ ಗುಣವೇ ಬದಲಾಯಿತು. ಸುಮ್ನೆ ಸಿಟ್ಟು, ತಮ್ಮನಿಗೆ ಹೊಡೆಯುವುದು, ರಾತ್ರಿ ಅಳುವುದು. ಇವಳು ಹಾಗಿರಲಿಲ್ಲ. ಈ ಸಲ ಹೋದಾಗ ಡಾಕ್ಟ್ರು ಎರಡು ದಾರಿ ಹೇಳಿದರು. ಕ್ಲೋಬಜಾಮ್ ಅಂತ ಮೂರನೇ ಮದ್ದು ಸೇರಿಸಬಹುದು. ಅಥವಾ ಅನ್ನ, ಸಕ್ಕರೆ ಬಿಟ್ಟು ಕೊಬ್ಬು ಜಾಸ್ತಿ ಕೊಡುವ ಕೀಟೋಜೆನಿಕ್ ಆಹಾರ ಶುರು ಮಾಡಬಹುದು. ಯೋಚಿಸಿ ಬನ್ನಿ ಅಂದರು.

ಅತ್ತೆಗೆ ಊಟದ ದಾರಿ ಅಂದಾಗ ಸಮಾಧಾನವಾಯಿತು. "ಊಟದಲ್ಲೇ ಗುಣ ಆಗುವುದಾದರೆ ಕೂಸಿಗೆ ಇಷ್ಟು ಮದ್ದು ಯಾಕೆ" ಅನ್ನುತ್ತಾರೆ. ಗಂಡನಿಗೆ ಇನ್ನೊಂದು ಮಾತ್ರೆಯೇ ಸುಲಭ ಅನಿಸುತ್ತದೆ. ನನಗೆ ಮದ್ದು ಕಡಿಮೆಯಾಗಬೇಕು ಅಂತ ಆಸೆ. ಆದರೆ ನಮ್ಮದು ಮೀನು, ಮೊಟ್ಟೆ ಇಲ್ಲದ ಮನೆ. ಇವಳಿಗೆ ಕುಚ್ಚಲಕ್ಕಿ ಗಂಜಿ ಉಪ್ಪಿನಕಾಯಿ ಇದ್ದರೆ ಬೇರೆ ಏನೂ ಬೇಡ. ಅನ್ನವೇ ಇಲ್ಲದೆ ಈ ಮಗುವನ್ನು ಹೇಗೆ ಸಾಕುವುದು?

ಎಣ್ಮಕಜೆ ಪಂಚಾಯತಿನವರು ಅಂದ ಕೂಡಲೇ ಎಲ್ಲರೂ ಎಂಡೋಸಲ್ಫಾನ್ ಕೀಟನಾಶಕದಿಂದ ಇರಬಹುದಾ ಅಂತ ಕೇಳುತ್ತಾರೆ. ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸುವುದು 2000ಕ್ಕೆ ನಿಂತಿತು. ಅದರ ಕಷ್ಟ ನೋಡಿಯೇ ಬೆಳೆದವಳು ನಾನು. ಆದರೆ ಈಗ ನನಗೆ ಬೇಕಾದದ್ದು ನಾಳೆ ಬೆಳಗ್ಗೆ ಇವಳ ತಟ್ಟೆಗೆ ಏನು ಹಾಕಲಿ ಅನ್ನುವುದು. ಈ ಊಟ ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಮುಳ್ಳೇರಿಯ ಅಕ್ಕ:

ತಂಗಿ, ನನ್ನ ಮಗನಿಗೂ ಇದೇ ಥರ ಬೀಳುವ ಫಿಟ್ಸ್ ಇತ್ತು. ಈಗ ಅವನಿಗೆ 10 ವರ್ಷ. ಎರಡು ವರ್ಷ ಈ ಊಟ ಮಾಡಿಸಿದೆ. ಆಮೇಲೆ ಡಾಕ್ಟ್ರು ಹೇಳಿದ ಹಾಗೆ ತಿಂಗಳುಗಟ್ಟಲೆ ನಿಧಾನವಾಗಿ ಬಿಡಿಸಿದೆವು. ನಮ್ಮದೂ ಸಸ್ಯಾಹಾರದ ಮನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ನಿಮ್ಮ ಅತ್ತೆ ಹೇಳುವ ಅರ್ಥದಲ್ಲಿ ಇದು ಊಟ ಅಲ್ಲ. ಮದ್ದಿಗಿಂತ ಮೆದು ಅಂತ ತಿಳಿದು ಇದಕ್ಕೆ ಇಳಿಯಬೇಡಿ. ಇದಕ್ಕೂ ಡೋಸ್ ಇದೆ, ಅಡ್ಡಪರಿಣಾಮ ಇದೆ, ರಕ್ತಪರೀಕ್ಷೆ ಇದೆ. ತಪ್ಪಿಸಿದರೆ ಮದ್ದು ತಪ್ಪಿಸಿದಷ್ಟೇ ತೊಂದರೆ. ಶುರು ಮಾಡುವಾಗ ಮದ್ದು ಒಂದೂ ನಿಲ್ಲುವುದಿಲ್ಲ. ಎರಡು ಮದ್ದಿನ ಜೊತೆಗೆ ಊಟವೇ ಮೂರನೇ ಮದ್ದಾಗಿ ಸೇರುತ್ತದೆ. ಫಿಟ್ಸ್ ಇಳಿದ ಮೇಲೆ ಡಾಕ್ಟ್ರೇ ಒಂದೊಂದಾಗಿ ಕಡಿಮೆ ಮಾಡುತ್ತಾರೆ. ನಮ್ಮಲ್ಲಿ ಒಂದು ಮದ್ದು ಪೂರ್ತಿ ನಿಂತಿತು, ಇನ್ನೊಂದು ಚಿಕ್ಕ ಡೋಸಿನಲ್ಲಿ ಈಗಲೂ ಇದೆ.

ಆದರೆ ನಿಮ್ಮ ಮಗಳಿಗೆ ಇದನ್ನು ಗಟ್ಟಿಯಾಗಿ ಯೋಚಿಸಬೇಕು ಅಂತಲೇ ನನಗೆ ಅನಿಸುತ್ತದೆ. ಮೈ ಜಗ್ಗಿ ಕುಸಿದು ಬೀಳುವ ಒಂದು ಬಗೆಯ ಅಪಸ್ಮಾರಕ್ಕೆ ಡೂಸ್ ಸಿಂಡ್ರೋಮ್ ಅಂತ ಹೆಸರಿದೆ. ಈ ಊಟ ಚೆನ್ನಾಗಿ ಕೆಲಸ ಮಾಡುವ ಕಾಯಿಲೆಗಳಲ್ಲಿ ಅದೂ ಒಂದು. ನಿಮ್ಮ ಮಗಳದ್ದು ಅದೇ ಅಂತ ನಾನು ಹೇಳಲಾರೆ. ಇಇಜಿ (ತಲೆಗೆ ವೈರ್ ಅಂಟಿಸಿ ಮಾಡುವ ಮಿದುಳಿನ ಪರೀಕ್ಷೆ) ನೋಡಿ ಡಾಕ್ಟ್ರು ಯಾವ ಹೆಸರು ಕೊಟ್ಟಿದ್ದಾರೆ ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಫಿಟ್ಸ್ ಅಂತ ಬರೀ ಒಂದೇ ಪದ ಇಟ್ಟುಕೊಂಡರೆ ಯಾವ ದಾರಿಯೂ ಕಾಣುವುದಿಲ್ಲ.

ಶುರು ಮಾಡುವ ಮೊದಲು ಪರೀಕ್ಷೆಗಳು ಆಗಲೇಬೇಕು. ಕೆಲವು ಮಕ್ಕಳ ಮೈಗೆ ಹುಟ್ಟಿನಿಂದಲೇ ಕೊಬ್ಬನ್ನು ಉರಿಸಲು ಬರುವುದಿಲ್ಲ. ಅಂಥ ಮಗುವಿಗೆ ಈ ಊಟ ಕೊಟ್ಟರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಅಸೈಲ್ ಕಾರ್ನಿಟೀನ್ ಅಂತ ರಕ್ತಪರೀಕ್ಷೆ ಮಾಡಿಸುತ್ತಾರೆ. ಲಿವರ್, ಕಿಡ್ನಿ, ಕೊಲೆಸ್ಟ್ರಾಲ್ ಕೂಡ ನೋಡುತ್ತಾರೆ. ಇದಕ್ಕೇ ನಾನು ಹೇಳುವುದು, ಮೊಬೈಲಿನಲ್ಲಿ ತೂಕ ಇಳಿಸುವವರ ಕೀಟೋ ನೋಡಿ ಮನೆಯಲ್ಲಿ ಶುರು ಮಾಡಬಾರದು ಅಂತ.

ಇನ್ನು ಅಡುಗೆಗೆ ಬರುತ್ತೇನೆ. ಮಾಮೂಲಿ ಊಟದಲ್ಲಿ ಮಿದುಳು ಸಕ್ಕರೆಯಿಂದ ನಡೆಯುತ್ತದೆ. ಅಕ್ಕಿ, ಬೆಲ್ಲ, ಹಣ್ಣು ನಿಲ್ಲಿಸಿ ಕೊಬ್ಬು ಜಾಸ್ತಿ ಕೊಟ್ಟರೆ ಲಿವರ್ ಆ ಕೊಬ್ಬಿನಿಂದ ಕೀಟೋನ್ ಮಾಡುತ್ತದೆ. ಆಗ ಮಿದುಳು ಅದರಲ್ಲಿ ನಡೆಯುತ್ತದೆ. ಉಪವಾಸ ಇದ್ದಾಗ ಫಿಟ್ಸ್ ಕಡಿಮೆಯಾಗುವುದನ್ನು ಕಂಡು, ಅದೇ ಸ್ಥಿತಿಯನ್ನು ಊಟದಿಂದ ತರಬಹುದು ಅಂತ 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟರ್ ರಸೆಲ್ ವೈಲ್ಡರ್ ಹೇಳಿದರು. ನೂರು ವರ್ಷದ ಹಳೆಯ ಚಿಕಿತ್ಸೆ ಇದು. ಅತಿ ಕಟ್ಟುನಿಟ್ಟಿನದ್ದು 4ಕ್ಕೆ 1. ಅಂದರೆ 4 ಗ್ರಾಮ್ ಕೊಬ್ಬಿಗೆ ಪಿಷ್ಟ (ಸಕ್ಕರೆಯೂ ಸೇರಿ) ಮತ್ತು ಪ್ರೋಟೀನ್ ಒಟ್ಟು 1 ಗ್ರಾಮ್. ನಮಗೆ ಕೊಟ್ಟದ್ದು 3ಕ್ಕೆ 1. ಇದಕ್ಕಿಂತ ಸಡಿಲವಾದ ಮಾಡಿಫೈಡ್ ಅಟ್ಕಿನ್ಸ್ ಅಂತಲೂ ಒಂದಿದೆ. ಅದರಲ್ಲಿ ಪಿಷ್ಟ ಮಾತ್ರ ಅಳೆದರೆ ಸಾಕು. ಮಕ್ಕಳಿಗೆ ದಿನಕ್ಕೆ 10ರಿಂದ 20 ಗ್ರಾಮಿನಲ್ಲಿ ಶುರು ಮಾಡುತ್ತಾರೆ.

20 ಗ್ರಾಮ್ ಎಷ್ಟು ಅಂತ ಗೊತ್ತಾಗಬೇಕಾದರೆ ಅನ್ನ ನೋಡಿ. 100 ಗ್ರಾಮ್ ಬೆಂದ ಅನ್ನದಲ್ಲೇ 25 ಗ್ರಾಮಿನ ಮೇಲೆ ಪಿಷ್ಟ ಇದೆ. ಒಂದು ಸೌಟು ಅನ್ನಕ್ಕೆ ದಿನದ ಲೆಕ್ಕ ಮುಗಿಯಿತು. ಒಂದು ದೊಡ್ಡ ಲೋಟ ಎಳನೀರಿನಲ್ಲಿ 10 ಗ್ರಾಮಿನಷ್ಟು ಹೋಗುತ್ತದೆ. ಹಲಸು, ನೇಂದ್ರ, ಮರಗೆಣಸು ಪೂರ್ತಿ ಬಂದ್. ಗಂಜಿಯೂ ಬಂದ್.

ಆದರೆ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ತೆಂಗಿನಕಾಯಿ. ಹಸಿ ಕಾಯಿಯಲ್ಲಿ ಮೂರನೇ ಒಂದು ಪಾಲು ಕೊಬ್ಬೇ. ತೆಂಗಿನೆಣ್ಣೆಯ ಪರಿಮಳ ಮಕ್ಕಳಿಗೆ ಹುಟ್ಟಿನಿಂದ ಗೊತ್ತಿದೆ, ಬೇರೆ ಊರಿನ ಮಕ್ಕಳ ಹಾಗೆ ಮುಖ ತಿರುಗಿಸುವುದಿಲ್ಲ. ನಾನು ಪನೀರನ್ನು ಪುಡಿ ಮಾಡಿ, ಕಾಯಿತುರಿ, ಜೀರಿಗೆ, ಕರಿಬೇವು ಹಾಕಿ ತೆಂಗಿನೆಣ್ಣೆಯಲ್ಲಿ ಉಪ್ಪಿಟ್ಟಿನ ಹಾಗೆ ಮಾಡಿಕೊಡುತ್ತಿದ್ದೆ. ಬಾದಾಮಿ ಹಿಟ್ಟು, ಕಾಯಿಹಾಲು ಸೇರಿಸಿ ಸಣ್ಣ ದೋಸೆ. ಮೊದಮೊದಲು ಕಾವಲಿಯಿಂದ ಏಳುವುದೇ ಇಲ್ಲ, ಇಸಬ್ಗೋಲ್ ಸ್ವಲ್ಪ ಸೇರಿಸಿದರೆ ಏಳುತ್ತದೆ. ಮಲಬದ್ಧತೆಗೂ ಅದು ಒಳ್ಳೆಯದು, ಈ ಊಟದಲ್ಲಿ ಮಲಬದ್ಧತೆ ಬಂದೇ ಬರುತ್ತದೆ. ಬಸಳೆ, ಹರಿವೆ ಸೊಪ್ಪು, ಮುಳ್ಳುಸೌತೆ ಲೆಕ್ಕದಲ್ಲಿ ನಡೆಯುತ್ತವೆ. ಗಂಜಿ ಬೇಕು ಅಂತ ಹಟ ಮಾಡಿದಾಗ ಹೂಕೋಸನ್ನು ಅಕ್ಕಿಯ ಗಾತ್ರಕ್ಕೆ ತುರಿದು, ಕಾಯಿಹಾಲಿನಲ್ಲಿ ಬೇಯಿಸಿ, ಉಪ್ಪು ತುಪ್ಪ ಹಾಕಿ ಬಟ್ಟಲಿನಲ್ಲಿ ಕೊಟ್ಟೆ. ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿಯೇ ಕೊಡಬೇಕು. ಬಟ್ಟಲಿಗೆ ಅಂಟಿದ ತುಪ್ಪವನ್ನೂ ಬೆರಳಲ್ಲಿ ಬಳಿದು ತಿನ್ನಿಸಬೇಕು, ಅದೂ ಡೋಸ್.

ಕಷ್ಟದ್ದೂ ಹೇಳುತ್ತೇನೆ. ಶುರುವಿನ ವಾರಗಳಲ್ಲಿ ಮಗ ಮಂಕಾದ, ವಾಂತಿ ಮಾಡಿದ. ಕೊಲೆಸ್ಟ್ರಾಲ್ ಏರಿತು, ಆಮೇಲೆ ಇಳಿಯಿತು. ಎತ್ತರ ನಿಧಾನವಾಗಿ ಬೆಳೆಯಿತು. ಕಿಡ್ನಿಯಲ್ಲಿ ಕಲ್ಲಾಗದ ಹಾಗೆ ನೀರು ಕುಡಿಸುತ್ತಲೇ ಇರಬೇಕು. ಕ್ಯಾಲ್ಸಿಯಮ್, ವಿಟಮಿನ್ ಡಿ, ಮಲ್ಟಿವಿಟಮಿನ್ ಮಾತ್ರೆ ದಿನಾ ಬೇಕು. ಮಧೂರು ದೇವಸ್ಥಾನಕ್ಕೆ ಹೋದಾಗ ಸಿಹಿ ಅಪ್ಪದ ಪ್ರಸಾದವನ್ನು ಮಗ ಕಣ್ಣಿಗೆ ಒತ್ತಿಕೊಂಡು ತಂಗಿಯ ಕೈಗೆ ಕೊಡುತ್ತಿದ್ದ. ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಆದರೆ ಎರಡನೇ ತಿಂಗಳಲ್ಲಿ ಬೀಳುವುದು ಇಳಿಯಿತು. ಶಾಲೆಗೆ ಹೆಲ್ಮೆಟ್ ಇಲ್ಲದೆ ಹೋದ. ಅದಕ್ಕಾಗಿ ನಾನು ಆ ತಕ್ಕಡಿಯನ್ನು ಇನ್ನೂ ಹತ್ತು ವರ್ಷ ಹಿಡಿಯುತ್ತಿದ್ದೆ.

ಉಪ್ಪಳದಿಂದ ಒಬ್ಬರು:

ಮದ್ದಿನ ಗುಲಾಮರಾಗಬೇಡಿ. ನನಗೆ ಗೊತ್ತಿರುವ ಒಂದು ಮಗುವಿಗೆ ಎಲ್ಲಾ ಮದ್ದು ಬಿಟ್ಟು ಬ್ರಾಹ್ಮಿ ತುಪ್ಪ, ಊಟದ ಪಥ್ಯ ಮಾಡಿದರು. ಈಗ ಆರಾಮ. ಇಂಗ್ಲಿಷ್ ಮದ್ದು ಲಿವರ್ ಹಾಳು ಮಾಡುತ್ತದೆ.

ಕುಂಬಳೆ ಫಾರ್ಮಸಿ:

ಪೆರ್ಲದ ಅಕ್ಕಾ, ಮೇಲಿನ ಮಾತು ಕೇಳಿ ಮದ್ದನ್ನು ಒಂದು ದಿನವೂ ನಿಲ್ಲಿಸಬೇಡಿ. ನಾನು ಮದ್ದಿನ ಅಂಗಡಿಯಲ್ಲಿ ಕೆಲಸ ಮಾಡುವವನು, ಇದರಲ್ಲಿ ಮುಲಾಜು ಇಟ್ಟುಕೊಳ್ಳುವುದಿಲ್ಲ. ಫಿಟ್ಸ್ ಮದ್ದನ್ನು ಥಟ್ಟನೆ ಬಿಟ್ಟರೆ ನಿಲ್ಲದೆ ಫಿಟ್ಸ್ ಬರುವ ಸ್ಥಿತಿಗೆ ಮಗು ಹೋಗಬಹುದು. ಅದರಲ್ಲಿ ಪ್ರಾಣ ಹೋಗುತ್ತದೆ. ಕೆಲವು ಮಕ್ಕಳಿಗೆ ವಯಸ್ಸಾದ ಹಾಗೆ ಫಿಟ್ಸ್ ತಾನಾಗಿ ನಿಲ್ಲುವುದೂ ಇದೆ. ಆಗ ಆ ಹೊತ್ತಿಗೆ ಏನು ಕೊಟ್ಟಿದ್ದರೋ ಅದಕ್ಕೇ ಹೆಸರು ಬರುತ್ತದೆ.

ವಾಲ್ಪ್ರೊಯೇಟ್‌ನಿಂದ ಲಿವರ್‌ಗೆ ತೊಂದರೆ ಆಗಬಹುದು, ಅದು ಸುಳ್ಳಲ್ಲ. ಎರಡು ವರ್ಷದ ಒಳಗಿನ ಮಕ್ಕಳಿಗೆ, ಹಲವು ಮದ್ದು ಒಟ್ಟಿಗೆ ತಿನ್ನುವವರಿಗೆ ಆ ಭಯ ಜಾಸ್ತಿ. ಅದಕ್ಕೇ ರಕ್ತಪರೀಕ್ಷೆ ಹೇಳುವುದು. ಬಿಡದೆ ವಾಂತಿ, ವಿಪರೀತ ಮಂಕು, ಕಣ್ಣು ಹಳದಿ ಕಂಡರೆ ಕಾಯದೆ ಓಡಿ. ಇನ್ನೊಂದು, ನಿಮ್ಮದು ಹೆಣ್ಣು ಮಗು. ಗರ್ಭಿಣಿಯರು ವಾಲ್ಪ್ರೊಯೇಟ್ ತಿಂದರೆ ಹೊಟ್ಟೆಯ ಮಗುವಿಗೆ ತೊಂದರೆ ಆಗುತ್ತದೆ. ಈಗಲೇ ಗಾಬರಿ ಬೇಡ, ಆದರೆ ಹರೆಯಕ್ಕೆ ಬರುವ ಮೊದಲು ಇದನ್ನು ಬದಲಿಸುವ ಯೋಚನೆ ಇದೆಯಾ ಅಂತ ಡಾಕ್ಟ್ರನ್ನು ಕೇಳಿಡಿ. ಲೆವೆಟಿರಾಸೆಟಮ್‌ನಿಂದ ಸಿಟ್ಟು ಬರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಮಗಳ ಗುಣ ಬದಲಾದದ್ದನ್ನು ಡಾಕ್ಟ್ರಿಗೆ ಬಿಡಿಸಿ ಹೇಳಿದ್ದೀರಾ? ಕ್ಲೋಬಜಾಮ್ ಬೇಗ ಕೆಲಸ ಮಾಡುತ್ತದೆ, ಆದರೆ ತೂಕಡಿಕೆ, ಜೊಲ್ಲು ಬರಬಹುದು. ಕೆಲವರಲ್ಲಿ ತಿಂಗಳು ಕಳೆದ ಹಾಗೆ ಅದರ ಬಲ ಕುಗ್ಗುತ್ತದೆ.

ಲೆಕ್ಕ ಬೇಕಾದವರಿಗೆ ಹೇಳುತ್ತೇನೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹೊಸ ರೋಗಿಗಳನ್ನು ವರ್ಷಗಟ್ಟಲೆ ನೋಡಿ 2000ದಲ್ಲಿ ಬರೆದರು. ನೂರರಲ್ಲಿ 47 ಜನರಿಗೆ ಮೊದಲ ಮದ್ದಿಗೇ ಫಿಟ್ಸ್ ನಿಂತಿತು. ಎರಡನೇ ಅಥವಾ ಮೂರನೇ ಮದ್ದಿಗೆ ನಿಂತದ್ದು ಇನ್ನು 14 ಜನರಿಗೆ ಮಾತ್ರ. ಅಲ್ಲಿದ್ದವರು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಇದ್ದರು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯವರು 145 ಮಕ್ಕಳನ್ನು ಎರಡು ಗುಂಪು ಮಾಡಿ ಕೀಟೋ ಪರೀಕ್ಷಿಸಿ 2008ರಲ್ಲಿ ಬರೆದರು. ಅವರಿಗೆಲ್ಲ ಎರಡು ಮದ್ದಾದರೂ ಸೋತಿತ್ತು. ಮೂರು ತಿಂಗಳಲ್ಲಿ ಫಿಟ್ಸ್ ಅರ್ಧಕ್ಕಿಂತ ಜಾಸ್ತಿ ಇಳಿದದ್ದು ಊಟದ ಗುಂಪಿನಲ್ಲಿ ನೂರಕ್ಕೆ 38 ಮಕ್ಕಳಿಗೆ, ಊಟ ಬದಲಿಸದ ಇನ್ನೊಂದು ಗುಂಪಿನಲ್ಲಿ ನೂರಕ್ಕೆ 6 ಮಕ್ಕಳಿಗೆ. ಅಂದರೆ ಊಟ ಮಾಡಿಯೂ ಅಷ್ಟು ಇಳಿಯದ ಮಕ್ಕಳೇ ಜಾಸ್ತಿ ಅನ್ನುವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಕೀಟೋ ಊಟ ಶುರು ಮಾಡಿದರೆ ಸಿರಪ್ ಬದಲು ಅದೇ ಮದ್ದಿನ ಮಾತ್ರೆ ಬೇಕಾಗಬಹುದು. ಹೆಚ್ಚಿನ ಸಿರಪ್‌ಗಳಲ್ಲಿ ಸಕ್ಕರೆ ಇರುತ್ತದೆ. ಜ್ವರದ ಪ್ಯಾರಾಸಿಟಮಾಲ್, ಕೆಮ್ಮಿನ ಮದ್ದು, ಟೂತ್‌ಪೇಸ್ಟ್ ಕೂಡ ಡಯಟೀಷಿಯನ್‌ಗೆ ತೋರಿಸಿ. ಆದರೆ ವಾಲ್ಪ್ರೊಯೇಟ್‌ನಲ್ಲಿ ಕೆಲವು ಮಾತ್ರೆ ನಿಧಾನವಾಗಿ ಬಿಡುಗಡೆ ಆಗುವಂಥವು. ಅವನ್ನು ಪುಡಿ ಮಾಡಬಾರದು. ಸಿರಪ್‌ನಿಂದ ಮಾತ್ರೆಗೆ ಬದಲಿಸುವುದನ್ನು ಡಾಕ್ಟ್ರೇ ಚೀಟಿಯಲ್ಲಿ ಬರೆಯಲಿ. ಮನೆಯಲ್ಲಿ ಒಂದು ತಿಂಗಳ ಮದ್ದು ಹೆಚ್ಚಿಗೆ ಇಟ್ಟುಕೊಳ್ಳಿ. 2020ರ ಮಾರ್ಚ್‌ನಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ ನಮ್ಮ ಕಡೆಯವರ ಪಾಡು ಏನಾಯಿತು ಅಂತ ನೆನಪಿದೆ ಅಲ್ವಾ? ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇಯನ್ನೂ ಡಾಕ್ಟ್ರನ್ನು ಕೇಳಿ ಬರೆಸಿಕೊಳ್ಳಿ. ಸೆಟೆದು ನಡುಗುವುದು 5 ನಿಮಿಷ ದಾಟಿದರೆ ಬೇಕಾಗುತ್ತದೆ. ಅತ್ತೆಗೂ ಹೇಳಿಕೊಡಿ, ಕೈಗೆ ಕಬ್ಬಿಣ ಕೊಡುವುದಲ್ಲ, ಬಾಯಿಗೆ ಚಮಚ ತುರುಕುವುದೂ ಅಲ್ಲ. ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಬೇಕು.

ಬೋವಿಕ್ಕಾನದ ಅಪ್ಪ:

ನನ್ನ ಮಗನ ಕಥೆ ಬೇರೆ. ಅವನಿಗೆ ಯಾವಾಗಲೂ ಬಲಗೈಯಿಂದ ಶುರುವಾಗುತ್ತಿತ್ತು. ಕೀಟೋ ಶುರು ಮಾಡಿದೆವು. ಮಗ ಬಾಯಿಯೇ ತೆರೆಯಲಿಲ್ಲ, ತೂಕ ಇಳಿಯಿತು, ಡಾಕ್ಟ್ರೇ ನಿಲ್ಲಿಸಿ ಅಂದರು. ಮೂರನೇ ಮದ್ದಿನಲ್ಲಿ ಸ್ವಲ್ಪ ತಗ್ಗಿತು. ಆಮೇಲೆ ಎಂಆರ್‌ಐಯಲ್ಲಿ ಮಿದುಳಿನ ಎಡಗಡೆ ಒಂದು ಕಲೆ ಕಂಡಿತು. ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಗೆ ಕಳಿಸಿದರು. ಅಲ್ಲಿ 1995ರಿಂದ ಅಪಸ್ಮಾರಕ್ಕೆ ಆಪರೇಷನ್ ಮಾಡುತ್ತಾರೆ. ಕಾಸರಗೋಡಿನಿಂದ ಸಂಜೆ ರೈಲು ಹತ್ತಿದರೆ ಬೆಳಗ್ಗೆ ಅಲ್ಲಿ. ಆಪರೇಷನ್ ಆದ ಮೇಲೆ ಮಗನಿಗೆ ಫಿಟ್ಸ್ ಬಂದಿಲ್ಲ, ಮದ್ದು ನಡೆಯುತ್ತಿದೆ.

ಎಲ್ಲರಿಗೂ ಆಪರೇಷನ್ ಆಗುವುದಿಲ್ಲ, ನಿಮ್ಮ ಮಗಳ ಥರದ ಫಿಟ್ಸ್‌ಗೆ ಬಹುಶಃ ಅದು ದಾರಿಯೇ ಅಲ್ಲ. ಆದರೂ ಒಂದು ಮಾತು. ಸರಿಯಾಗಿ ಆರಿಸಿದ ಎರಡು ಮದ್ದು ಸರಿಯಾದ ಡೋಸಿನಲ್ಲಿ ಕೊಟ್ಟೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಮದ್ದಿಗೆ ಬಗ್ಗದ ಅಪಸ್ಮಾರ ಅಂತ ಪರಿಗಣಿಸುತ್ತಾರೆ. ಆಗ ದೊಡ್ಡ ಅಪಸ್ಮಾರ ಕೇಂದ್ರದಲ್ಲಿ ಒಂದು ಸಲ ತೋರಿಸುವುದು ಒಳ್ಳೆಯದು. ಬೀಳುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ನಾವು ಬಾಯಲ್ಲಿ ವಿವರಿಸಿದ್ದಕ್ಕಿಂತ ಆ ವಿಡಿಯೋ ನೋಡಿದ ಮೇಲೆಯೇ ಡಾಕ್ಟ್ರಿಗೆ ವಿಷಯ ಹಿಡಿಯಿತು.

ಪೆರ್ಲದ ಅಮ್ಮ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಚೀಟಿ ತೆಗೆದು ನೋಡಿದೆ. ಮಯೋಕ್ಲೋನಿಕ್ ಅಟೋನಿಕ್ ಅಂತ ಬರೆದಿದೆ, ಮುಂದೆ ಪ್ರಶ್ನೆ ಚಿಹ್ನೆ ಇದೆ. ಅಕ್ಕ ಹೇಳಿದ್ದು ಇದೇನಾ? ಅತ್ತೆಗೆ ಎಲ್ಲಾ ಓದಿ ಹೇಳಿದೆ. ಮದ್ದೂ ಇರುತ್ತದೆ, ಊಟವೂ ಬದಲಾಗುತ್ತದೆ ಅಂದಾಗ ಮುಖ ಸಣ್ಣದಾಯಿತು. ಆಮೇಲೆ "ಕಾಯಿ ತುರಿಯುವುದು ನಾನೇ ಮಾಡುತ್ತೇನೆ" ಅಂದರು. ಇನ್ನು ಎರಡು ಸಂಶಯ. ಶಾಲೆಯ ಮಧ್ಯಾಹ್ನದ ಊಟದ ಹೊತ್ತಿಗೆ ಏನು ಮಾಡುವುದು? ವಾಂತಿ ಭೇದಿ ಬಂದರೆ?

ಮುಳ್ಳೇರಿಯ ಅಕ್ಕ:

ಹೌದು ತಂಗಿ, ಡೂಸ್ ಅಂದರೆ ಅದೇ. ಪ್ರಶ್ನೆ ಚಿಹ್ನೆ ಇನ್ನೂ ಇದೆಯಾ, ಹೋಯಿತಾ ಅಂತ ಮೊದಲು ಕೇಳಿ.

ಶಾಲೆಗೆ ನಾನು ಟೀಚರ ಹತ್ತಿರ ಕೂತು ಮಾತಾಡಿದೆ. ಅಡುಗೆ ಮಾಡುವ ಅಕ್ಕನಿಗೂ ಹೇಳಿದೆ, ಯಾಕೆಂದರೆ ಪಾಪ ಅಂತ ಪ್ರೀತಿಯಿಂದ ಒಂದು ತುತ್ತು ಕೊಡುವವರು ಅವರೇ. ಹುಟ್ಟುಹಬ್ಬದ ಮಿಠಾಯಿ ಬಂದರೆ ಚೀಲದಲ್ಲಿ ಹಾಕಿ ಮನೆಗೆ ಕಳಿಸಿ ಅಂದೆ. ನಿಮ್ಮ ಮಗಳಿಗೇ ಹೇಳಿಕೊಡಿ, 6 ವರ್ಷದ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಡಬ್ಬಿಯಲ್ಲಿ ಉಳಿದರೆ ಬಿಸಾಡದೆ ತರಲಿ, ಎಷ್ಟು ತಿಂದಿಲ್ಲ ಅಂತ ನಿಮಗೆ ಗೊತ್ತಾಗಬೇಕು. ತಮ್ಮನ ತಟ್ಟೆಯ ಮೇಲೆ ಕಣ್ಣಿಡಿ, ನಮ್ಮಲ್ಲಿ ಕದ್ದು ತಿನ್ನುವುದು ಅಲ್ಲಿಂದಲೇ ಶುರುವಾದದ್ದು.

ವಾಂತಿ ಭೇದಿಯ ದಿನಕ್ಕೆ ಏನು ಮಾಡಬೇಕು ಅಂತ ಶುರು ಮಾಡುವ ಮೊದಲೇ ಡಯಟೀಷಿಯನ್ ಹತ್ತಿರ ಬರೆಸಿಕೊಂಡು ಫ್ರಿಜ್‌ಗೆ ಅಂಟಿಸಿ. ಮಗು ತುಂಬಾ ಮಂಕಾದರೆ, ಜೋರಾಗಿ ಉಸಿರಾಡಿದರೆ ಕೀಟೋನ್ ಅತಿಯಾಗಿರಬಹುದು, ಸಕ್ಕರೆ ಇಳಿದಿರಬಹುದು. ಆಸ್ಪತ್ರೆಗೆ ಹೋಗಲೇಬೇಕು. ಹತ್ತಿರದ ಆಸ್ಪತ್ರೆಯಲ್ಲಿ ಅಭ್ಯಾಸಬಲದಿಂದ ಗ್ಲೂಕೋಸ್ ಡ್ರಿಪ್ ಹಾಕುತ್ತಾರೆ. ಕೀಟೋ ಊಟದಲ್ಲಿ ಇದ್ದಾಳೆ, ಮೊದಲು ಸಕ್ಕರೆ ನೋಡಿ, ನಮ್ಮ ಡಾಕ್ಟ್ರಿಗೆ ಫೋನ್ ಮಾಡಿ ಅಂತ ಹೇಳಬೇಕು. ಸಕ್ಕರೆ ಇಳಿದಿದ್ದರೆ ಗ್ಲೂಕೋಸ್ ಬೇಕೇ ಬೇಕು, ಅದಕ್ಕೆ ತಡೆಯಬೇಡಿ. ಈ ಮಾತನ್ನು ಮಲಯಾಳದಲ್ಲೂ ಕನ್ನಡದಲ್ಲೂ ಒಂದು ಕಾಗದದಲ್ಲಿ ಬರೆದು ಚೀಲದಲ್ಲಿ ಇಟ್ಟುಕೊಳ್ಳಿ. ರಾತ್ರಿ ಹೊತ್ತಿನಲ್ಲಿ ಡ್ಯೂಟಿಯಲ್ಲಿ ಯಾರಿರುತ್ತಾರೋ ಗೊತ್ತಿಲ್ಲ.

ಮೂರು ತಿಂಗಳು ಪಕ್ಕಾ ಮಾಡಿ ನೋಡಿ. ಅಷ್ಟರಲ್ಲಿ ಇಳಿಯದಿದ್ದರೆ ಡಾಕ್ಟ್ರೇ ಬಿಡಿಸುತ್ತಾರೆ, ಆಗ ಕ್ಲೋಬಜಾಮ್ ಇದ್ದೇ ಇದೆ. ಬೀಳುವುದನ್ನು ಕ್ಯಾಲೆಂಡರಿನಲ್ಲಿ ದಿನಾ ಬರೆಯುವುದನ್ನು ಮಾತ್ರ ಇವತ್ತೇ ಶುರು ಮಾಡಿ. ಊಟಕ್ಕೆ ಮುಂಚಿನ ಒಂದು ತಿಂಗಳ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ಇಳಿಯಿತಾ ಇಲ್ಲವಾ ಅಂತ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.